ಕೈಕಸುಬೂ ಪರಭಾಷೆಯೂ

ಕಳೆದ ವರ್ಷ ನಮ್ಮ ಕಾಲೇಜಿನ ಚರ್ಚಾಸ್ಪರ್ಧೆಗೆ “ಕೈಕಸುಬು ಕಲಿಯುವವರಿಗೆ ಪರಭಾಷೆ ಅನಗತ್ಯವಾದ ಹೊರೆ” ಎಂಬ ವಿಷಯವನ್ನು ಇಟ್ಟಿದ್ದರು. ನಾನು ವಿಷಯದ ಪರವಾಗಿ ಮಾತನಾಡಿದೆ. ಬಡಗಿಯ ಉಳಿಗೆ ವ್ಯಾಕರಣವೇಕೆ, ಕಮ್ಮಾರನ ಸುತ್ತಿಗೆಗೆ ಷೇಕ್ಸ್‌ಪಿಯರನೇಕೆ ಎಂದು ಮುಂತಾಗಿ ಐದು ನಿಮಿಷ ಅಬ್ಬರಿಸಿ, ಎರಡನೆಯ ಬಹುಮಾನವಾಗಿ ಒಂದು ಸ್ಟೀಲಿನ ಡಬ್ಬಿಯನ್ನು ಗೆದ್ದುಕೊಂಡೆ. ವಿರುದ್ಧವಾಗಿ ಮಾತನಾಡಿದವರೂ ನನ್ನಂತೆಯೇ ಬಿ.ಎ. ತರಗತಿಯವರು, ತೀರ್ಪುಗಾರರೂ ಕಲಾವಿಭಾಗದವರು, ಚಪ್ಪಾಳೆ ತಟ್ಟಿದವರೂ ಅಷ್ಟೆ. ಧ್ವನಿವರ್ಧಕ ಕೆಟ್ಟಾಗ ಸರಿಮಾಡಲು ಬಂದಿದ್ದ ಹುಡುಗನೊಬ್ಬನನ್ನು ಬಿಟ್ಟರೆ, ಕೈಕಸುಬು ಕಲಿತವರು ಆ ಸಭೆಯಲ್ಲಿ ಯಾರೂ ಇರಲಿಲ್ಲ. ಅವನು ತನ್ನ ಕೆಲಸ ಮುಗಿಸಿ, ವೇದಿಕೆಯ ಮಗ್ಗುಲಲ್ಲಿ ನಿಂತು ನನ್ನ ಭಾಷಣವನ್ನು ಪೂರ್ತಿಯಾಗಿ ಕೇಳಿ, ನಗುತ್ತ ಹೊರಟುಹೋದ. ಆ ನಗುವಿನ ಅರ್ಥ ತಿಳಿಯಲು ನನಗೆ ಆರು ತಿಂಗಳು ಹಿಡಿಯಿತು. ಈ ಲೇಖನ ಆ ಡಬ್ಬಿಯನ್ನು ಹಿಂದಿರುಗಿಸುವ ಒಂದು ಪ್ರಯತ್ನವೆಂದು ವಾಚಕರು ತಿಳಿಯಬೇಕು.

ಐ.ಟಿ.ಐ., ಪಾಲಿಟೆಕ್ನಿಕ್, ನರ್ಸಿಂಗ್ ಶಾಲೆ ಮೊದಲಾದ ಕಡೆ ಓದುವವರ ವಿಷಯದಲ್ಲಿ ನಮ್ಮಂಥವರಿಗೆ ಒಂದು ಗಟ್ಟಿಯಾದ ಅಭಿಪ್ರಾಯವಿದೆ. ಅವರಿಗೆ ಭಾಷೆ ಒಲಿಯುವುದಿಲ್ಲ. ಒಲಿದಿದ್ದರೆ ಅಲ್ಲಿಗೇಕೆ ಹೋಗುತ್ತಿದ್ದರು? ಇಂಗ್ಲಿಷೆಂದರೆ ಅವರಿಗೆ ಬೇಸರ, ಬೇಸರವಾದ್ದರಿಂದ ಬಾರದು, ಬಾರದ್ದರಿಂದ ಬೇಡ. ನಮ್ಮ ಅಧ್ಯಾಪಕರಲ್ಲಿ ಕೆಲವರೂ ಈ ಅಭಿಪ್ರಾಯದವರೇ. ಅವರು ನನ್ನನ್ನು ಕ್ಷಮಿಸಬೇಕು. ನನ್ನ ಮನೆ ಇರುವುದು ಹೊಸನಗರ ತಾಲ್ಲೂಕಿನಲ್ಲಿ, ಅತ್ತೆಯ ಮನೆ ಸಾಗರದ ಕಡೆ, ನೆಂಟರಿಷ್ಟರು ತೀರ್ಥಹಳ್ಳಿಯಲ್ಲಿ. ಈ ಮೂರೂ ಊರುಗಳ ನಡುವೆ ಓಡಾಡುವ ಬಸ್ಸುಗಳಲ್ಲಿ ನನ್ನ ವಯಸ್ಸಿನ ಕಾಲುಭಾಗ ಕಳೆದಿದೆ ಎಂದರೆ ಅತಿಶಯೋಕ್ತಿಯಲ್ಲ. ಬಸ್ಸಿನ ಹಿಂದಿನ ಸೀಟುಗಳಲ್ಲಿ ಕೂರುವವರು ಈ ಹುಡುಗರೇ. ಇಷ್ಟು ಕಾಲ ಅವರ ಗಲಾಟೆಯನ್ನು ಕೇಳಿದ್ದೆನೇ ಹೊರತು ಮಾತನ್ನು ಕೇಳಿರಲಿಲ್ಲ.

ಮೊದಲು ನನ್ನ ಅತ್ತೆಯ ಮಗನ ವಿಷಯ ಹೇಳಬೇಕು. ನನಗಿಂತ ಒಂದು ವರ್ಷ ದೊಡ್ಡವನು. ಎಲೆಕ್ಟ್ರಿಷಿಯನ್ ಕಸುಬಿನಲ್ಲಿ ಐ.ಟಿ.ಐ. ಮುಗಿಸಿದ್ದಾನೆ. ಚಿಕ್ಕಂದಿನಲ್ಲಿ ಮನೆಯ ರೇಡಿಯೋವನ್ನು ಬಿಚ್ಚಿ, ಅತ್ತೆಯಿಂದ ಬೆನ್ನಿಗೆ ತಿಂದು, ಮತ್ತೆ ಜೋಡಿಸಿ ಹಾಡಿಸಿದವನು. ಐ.ಟಿ.ಐ.ಯಲ್ಲಿಯೂ ಕೈಕೆಲಸದಲ್ಲಿ ಮುಂದು. ಎರಡು ವರ್ಷದ ಕೆಳಗೆ ಬೆಂಗಳೂರಿನ ಒಂದು ಕಾರ್ಖಾನೆಯಿಂದ ಸಂದರ್ಶನಕ್ಕೆ ಕರೆ ಬಂತು. ಅತ್ತೆ ಹೊಸ ಅಂಗಿ ಹೊಲಿಸಿದಳು. ರಾತ್ರಿ ಬಸ್ಸಿಗೆ ಹೊರಟ. ಮರುದಿನದ ರಾತ್ರಿ ಬಸ್ಸಿಗೇ ಹಿಂದಿರುಗಿದ. ಏನಾಯಿತೆಂದು ಯಾರಿಗೂ ಹೇಳಲಿಲ್ಲ. ಈಗ ಊರಿನ ಸುತ್ತಮುತ್ತ ಮನೆಗಳ ವೈರಿಂಗು, ತೋಟದ ಪಂಪ್‌ಸೆಟ್ಟು ಎಂದು ಕೆಲಸ ಮಾಡಿಕೊಂಡಿದ್ದಾನೆ; ದುಡಿಮೆಗೇನೂ ಕೊರತೆಯಿಲ್ಲ. ಆದರೂ ಆ ಬೆಂಗಳೂರಿನ ಮಾತೆತ್ತಿದರೆ ಮುಖ ತಿರುಗಿಸುತ್ತಿದ್ದ.

ನನ್ನ ಡಬ್ಬಿಯ ಕತೆಯನ್ನು ಕೇಳಿದ ದಿನ ಅವನೇ ಬಾಯಿಬಿಟ್ಟ. ಸಂದರ್ಶನದಲ್ಲಿ ಕೇಳಿದ ಮೊದಲ ಪ್ರಶ್ನೆ: ಅರ್ತಿಂಗ್ ಏಕೆ ಮಾಡುತ್ತಾರೆ? ಇಂಗ್ಲಿಷಿನಲ್ಲಿ ಕೇಳಿದರು. ಪ್ರಶ್ನೆ ಅವನಿಗೆ ಅರ್ಥವಾಯಿತು. ಉತ್ತರ ಗೊತ್ತಿತ್ತು, ಕೈಯಾರೆ ಹಳ್ಳ ತೋಡಿ, ಇದ್ದಿಲು ಉಪ್ಪು ತುಂಬಿ ಅರ್ತಿಂಗ್ ಮಾಡಿದವನು ಅವನು. ಆದರೆ ಬಾಯಿಂದ ಮಾತು ಹೊರಡಲಿಲ್ಲ. ಎದುರಿಗಿದ್ದವರು ಕನಿಕರಪಟ್ಟು ಅದೇ ಪ್ರಶ್ನೆಯನ್ನು ಹಿಂದಿಯಲ್ಲಿ ಕೇಳಿದರು. ಅದರಿಂದ ಇನ್ನಷ್ಟು ಗಾಬರಿಯಾಯಿತು.

“ಕನ್ನಡದಲ್ಲಿ ಹೇಳಲೇ ಎಂದು ಕೇಳಬಹುದಿತ್ತಲ್ಲ ಭಾವ?” ಎಂದೆ.

“ಹಾಗೆ ಕೇಳುವುದಕ್ಕೂ ಇಂಗ್ಲಿಷು ಬೇಕಿತ್ತಲ್ಲ ಮಾರಾಯ್ರ!” ಎಂದ.

ನಾನು ಚರ್ಚಾಸ್ಪರ್ಧೆಯಲ್ಲಿ ಆಡಿದ ಒಂದು ಮಾತೂ ಈ ಉತ್ತರದ ಮುಂದೆ ನಿಲ್ಲುವಂತಿರಲಿಲ್ಲ. ಆದರೆ ನಾವು ಕಾಲೇಜಿನವರು ಅಷ್ಟಕ್ಕೆ ಸುಮ್ಮನಾಗುವವರಲ್ಲ. ತಪ್ಪು ಕಂಡೊಡನೆ ತಿದ್ದಹೊರಡುತ್ತೇವೆ. ನಾನೇ ಅವನಿಗೆ ಇಂಗ್ಲಿಷು ಕಲಿಸುತ್ತೇನೆಂದು ಹಟ ಹಿಡಿದೆ. ಭಾನುವಾರ ಭಾನುವಾರ ಅತ್ತೆಯ ಮನೆಯ ಜಗಲಿಯಲ್ಲಿ ಪಾಠ. ವರ್ತಮಾನ ಕಾಲ, ಭೂತಕಾಲ, ಪೂರ್ಣಭೂತ ಎಂದು ನನಗೆ ಹೇಗೆ ಕಲಿಸಿದ್ದರೋ ಹಾಗೆಯೇ ಕೋಷ್ಟಕ ಬರೆದು ಕಲಿಸಿದೆ. ಐದನೆಯ ಭಾನುವಾರ ಅವನು ಪುಸ್ತಕ ಮುಚ್ಚಿ, “ಈ ಹ್ಯಾಡ್ ಬೀನ್ ಅನ್ನುವುದನ್ನು ನಾನು ಯಾವ ಬೋರ್ಡಿಗೆ ಕೂರಿಸಲಿ?” ಎಂದು ಕೇಳಿದ. ನನಗೆ ಸಿಟ್ಟು ಬಂತು. ನೋಡಿದಿರಾ, ಇವರಿಗೆ ಮನಸ್ಸೇ ಇಲ್ಲ ಎಂದುಕೊಂಡು ಬಂದೆ. ಅಂದರೆ ನನ್ನ ಹಳೆಯ ಅಭಿಪ್ರಾಯಕ್ಕೇ ಹಿಂದಿರುಗಿದ್ದೆ, ಈ ಸಲ ಸಾಕ್ಷ್ಯಸಹಿತವಾಗಿ.

ಆ ಅಭಿಪ್ರಾಯ ಮುರಿದದ್ದು ಒಂದು ಪಂಪಿನ ಮನೆಯಲ್ಲಿ. ಪಕ್ಕದ ತೋಟದವರ ಮೋಟಾರು ಹಟ ಹಿಡಿದಿತ್ತು. ಭಾವ ಸ್ಟಾರ್ಟರಿನ ಮುಚ್ಚಳ ತೆಗೆದು ಒಳಗೆ ಕೈಯಿಟ್ಟು ಏನನ್ನೋ ಉಜ್ಜುತ್ತಿದ್ದ. ಹೊಸ ಮಾದರಿಯ ಸ್ಟಾರ್ಟರು; ಅದರೊಡನೆ ಬಂದ ಇಂಗ್ಲಿಷ್ ಕರಪತ್ರವನ್ನು ಓದಿ ಹೇಳುವ ಕೆಲಸ ನನ್ನದು. ಇಂಗ್ಲಿಷಿನಲ್ಲಿ ಪ್ರಥಮ ದರ್ಜೆಯ ಅಂಕ ಪಡೆದ ನಾನು ಗಂಭೀರವಾಗಿ ಓದಿದೆ: ರಿಪೇರಿಗೆ ಕೈಹಾಕುವ ಮೊದಲು ಮೈನ್ ಸ್ವಿಚ್ಚು ‘ಓಪನ್’ ಆಗಿರುವುದನ್ನು ಖಚಿತಪಡಿಸಿಕೊಳ್ಳಿ. ಗೋಡೆಯ ಮೇಲಿನ ಸ್ವಿಚ್ಚಿನ ಹಿಡಿ ಕೆಳಗಿತ್ತು. ‘ಓಪನ್’ ಎಂದರೆ ತೆರೆದಿರಬೇಕು, ಇದು ಮುಚ್ಚಿದೆ, ಮರೆತಿದ್ದಾನೆ ಎಂದುಕೊಂಡು, “ಇದನ್ನು ತೆರೆದಿರಬೇಕಂತೆ ಭಾವ” ಎನ್ನುತ್ತ ಹಿಡಿಯನ್ನು ಮೇಲಕ್ಕೆತ್ತಲು ಕೈಚಾಚಿದೆ. ಅವನು ಎದ್ದು ಬಂದು ನನ್ನ ಕೈಗೆ ಹೊಡೆದ ಪೆಟ್ಟು ಎರಡು ದಿನ ಉರಿಯುತ್ತಿತ್ತು.

ನಲ್ಲಿಯನ್ನು ತೆರೆದರೆ ನೀರು ಬರುತ್ತದೆ. ಸ್ವಿಚ್ಚು ‘ಓಪನ್’ ಆದರೆ ವಿದ್ಯುತ್ತು ನಿಲ್ಲುತ್ತದೆ. ತಂತಿಯ ದಾರಿ ಕಡಿದು ಬಾಯಿ ತೆರೆದುಕೊಂಡಿದೆ ಎಂದು ಅದರ ಅರ್ಥ. ‘ಕ್ಲೋಸ್ಡ್’ ಎಂದರೆ ದಾರಿ ಕೂಡಿಕೊಂಡಿದೆ, ವಿದ್ಯುತ್ತು ಹರಿಯುತ್ತಿದೆ ಎಂದು. ಇದನ್ನು ತೆರೆದ ಮಂಡಲ, ಮುಚ್ಚಿದ ಮಂಡಲ ಎಂದು ಕನ್ನಡಿಸಿದರೂ ನನ್ನಂಥವರಿಗೆ ಅದೇ ಅಪಾಯ ಕಾದಿರುತ್ತದೆ. ಅಂದು ನನಗಿದ್ದದ್ದು ಇಂಗ್ಲಿಷು. ಅವನಿಗಿದ್ದದ್ದು ಆ ಶಬ್ದ. ನಾನು ಆ ಹಿಡಿಯನ್ನು ಎತ್ತಿದ್ದರೆ ನಮ್ಮ ಅತ್ತೆಯ ಮನೆಯಲ್ಲಿ ಏನಾಗುತ್ತಿತ್ತೆಂದು ಬರೆಯಲು ಈಗಲೂ ಧೈರ್ಯ ಸಾಲದು.

ಅಂದಿನಿಂದ ಪಾಠದ ರೀತಿ ಬದಲಾಯಿತು. ಯಾರು ಯಾರಿಗೆ ಪಾಠ ಹೇಳುತ್ತಿದ್ದರು ಎಂಬುದೂ ಬದಲಾಯಿತು. ಅವನ ಕಸುಬಿನ ಇಂಗ್ಲಿಷಿನಲ್ಲಿ ನಾನು ಒಂದನೆಯ ತರಗತಿ. ‘ವೈಸ್’ ಎಂದರೆ ನಮಗೆ ದುರ್ಗುಣ. ಅವರಿಗೆ ಕಬ್ಬಿಣವನ್ನು ಕಚ್ಚಿ ಹಿಡಿಯುವ ಉಪಕರಣ. ‘ಟ್ಯಾಪ್’ ನಮಗೆ ನಲ್ಲಿ. ಫಿಟ್ಟರನಿಗೆ ತೂತಿನೊಳಗೆ ಮರೆ ಕೊರೆಯುವ ಸಾಧನ. ‘ಪ್ಲೇ’ ನಮಗೆ ನಾಟಕ. ಮೆಕ್ಯಾನಿಕ್ಕಿಗೆ ಸ್ಟೇರಿಂಗಿನ ಸಡಿಲ. ಅರಗಳಲ್ಲಿ ಒಂದು ಜಾತಿಗಂತೂ ಇಂಗ್ಲಿಷಿನ ಒಂದು ಬೈಗುಳವೇ ಹೆಸರು. ಅದನ್ನು ಇಲ್ಲಿ ಅಚ್ಚು ಹಾಕಲು ನಮ್ಮ ಸಂಪಾದಕರು ಒಪ್ಪಲಾರರು. ಇಕ್ಕಳಕ್ಕೆ ಅವರು ‘ಕಟಿಂಗ್ ಪ್ಲೇಯರ್’ ಎನ್ನುವುದನ್ನು ಕೇಳಿ ನಾವು ನಗುತ್ತೇವೆ, ‘ಪ್ಲೈಯರ್’ ಎನ್ನಬೇಕಿತ್ತೆಂದು. ನಕ್ಕ ನಾವು ಅದನ್ನು ಹಿಡಿಯಬೇಕಾದದ್ದು ಹೇಗೆಂದು ಅವರು ನಗುವುದಿಲ್ಲ.

ಹಾಗಾದರೆ ಇವರಿಗೆ ಪರಭಾಷೆ ಬೇಡವೆಂದದ್ದು ಯಾರು? ದಿನವೊಂದಕ್ಕೆ ನೂರಾರು ಇಂಗ್ಲಿಷ್ ಶಬ್ದಗಳನ್ನು ಉರುಳಿಸುವವರು ತರಗತಿಯ ಬಾಗಿಲು ದಾಟಿದೊಡನೆ ಮೂಕರಾಗುತ್ತಾರೆ. ನಾನು ಕೇಳಿ ತಿಳಿದಮಟ್ಟಿಗೆ ಅದಕ್ಕೆ ಕಾರಣ ದ್ವೇಷವಲ್ಲ, ಆಲಸ್ಯವೂ ಅಲ್ಲ, ನಾಚಿಕೆ. ನಮ್ಮ ಸರಕಾರಿ ಶಾಲೆಗಳಲ್ಲಿ 2007ರಿಂದ ಒಂದನೆಯ ತರಗತಿಯಲ್ಲಿಯೇ ಇಂಗ್ಲಿಷು ಶುರುವಾಯಿತು. ಅದಕ್ಕೆ ಮೊದಲು ಐದನೆಯ ತರಗತಿಯವರೆಗೆ ಕಾಯಬೇಕಿತ್ತು. ಹತ್ತು ವರ್ಷ ಓದಿ ಎಸ್.ಎಸ್.ಎಲ್.ಸಿ. ಮುಗಿಸುವ ಹುಡುಗ ಅಷ್ಟು ಕಾಲದಲ್ಲಿ ಇಂಗ್ಲಿಷಿನಲ್ಲಿ ಒಂದು ಪ್ರಶ್ನೆಯನ್ನಾದರೂ ತಾನಾಗಿ ಕೇಳಿರುವುದಿಲ್ಲ; ಕೇಳಿದ್ದಕ್ಕೆ ಬಾಯಿಪಾಠದ ಉತ್ತರ ಒಪ್ಪಿಸಿರುತ್ತಾನೆ. ತಪ್ಪಿದಾಗ ತರಗತಿ ನಕ್ಕಿರುತ್ತದೆ. ಆ ನಗು ಅವನೊಡನೆ ಐ.ಟಿ.ಐ.ಗೂ ಬರುತ್ತದೆ. ಅಲ್ಲಿ ‘ಉದ್ಯೋಗ ಕೌಶಲ’ ಎಂಬ ಪಾಠದೊಳಗೆ ಇಂಗ್ಲಿಷಿಗೆ ಒಂದು ಮೂಲೆಯಿದೆ; ಮೂಲೆಯಲ್ಲಿರುವುದಕ್ಕೆ ಸಿಗುವಷ್ಟೇ ಗೌರವ ಅದಕ್ಕೆ ಸಿಗುತ್ತದೆ. ಅಂದಹಾಗೆ, ನಮ್ಮ ಬಿ.ಎ. ತರಗತಿಯ ಇಂಗ್ಲಿಷೇನೂ ಇದಕ್ಕಿಂತ ಭಿನ್ನವಲ್ಲ. ಗೈಡನ್ನು ನುಂಗಿ ಪರೀಕ್ಷೆಯಲ್ಲಿ ಕಕ್ಕುವ ವಿದ್ಯೆಯಲ್ಲಿ ನಾವು ಅವರಿಗಿಂತ ಹೆಚ್ಚು ಪಳಗಿದ್ದೇವೆ, ಅಷ್ಟೆ.

ಹೊಸನಗರದಲ್ಲಿ ನನ್ನ ಶಾಲೆಯ ಸ್ನೇಹಿತನೊಬ್ಬ ಮೋಟಾರು ಮೆಕ್ಯಾನಿಕ್ ಕಸುಬು ಕಲಿತು ಗ್ಯಾರೇಜಿನಲ್ಲಿದ್ದಾನೆ. ಅವನದು ಖಂಡತುಂಡ ಮಾತು: “ಗಾಡಿಗೆ ಯಾವ ಭಾಷೆ? ಕಿವಿಗೊಟ್ಟು ಕೇಳಿದರೆ ಅದೇ ಹೇಳುತ್ತದೆ ಎಲ್ಲಿ ನೋವು ಎಂದು.” ಬಹಳ ಚೆಲುವಾದ ಮಾತು, ನನ್ನ ಭಾಷಣದಲ್ಲಿ ಇದ್ದಿದ್ದರೆ ಮೊದಲ ಬಹುಮಾನವೇ ಬರುತ್ತಿತ್ತು. ಅವನು ‘ಸ್ಟೆಪ್ನಿ’ ಎಂಬ ಶಬ್ದವನ್ನು ಆಡುವಾಗಲೆಲ್ಲ ನನಗೆ ಖುಷಿಯಾಗುತ್ತದೆ. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ವೇಲ್ಸ್ ದೇಶದ ಲನೆಲ್ಲಿ ಎಂಬ ಊರಿನ ಸ್ಟೆಪ್ನಿ ಬೀದಿಯಲ್ಲಿ ಹೆಚ್ಚುವರಿ ಚಕ್ರಗಳನ್ನು ತಯಾರಿಸುತ್ತಿದ್ದರು. ಬೀದಿಯ ಹೆಸರೇ ಚಕ್ರದ ಹೆಸರಾಯಿತು. ಇಂದು ಇಂಗ್ಲೆಂಡಿನಲ್ಲಿ ಆ ಮಾತನ್ನು ಆಡಿದರೆ ಯಾರೂ ತಿರುಗಿ ನೋಡಲಿಕ್ಕಿಲ್ಲ. ಹೊಸನಗರದ ಗ್ಯಾರೇಜಿನಲ್ಲಿ ಅದು ಸುಖವಾಗಿ ಬಾಳುತ್ತಿದೆ.

ಆದರೆ 2020ರ ಏಪ್ರಿಲ್ 1ರಿಂದ ದೇಶದಲ್ಲೆಲ್ಲ ಬಿ.ಎಸ್. 6 ಹೊಗೆನಿಯಮ ಜಾರಿಗೆ ಬಂತು. ಬೈಕುಗಳಲ್ಲಿ ಕಾರ್ಬುರೇಟರ್ ಹೋಗಿ ಇಂಧನ ಚಿಮ್ಮಿಸುವ ಯಂತ್ರ ಬಂತು; ಅದನ್ನು ಆಳುವ ಒಂದು ಪುಟ್ಟ ಗಣಕ ಬಂತು. ಈಗ ಗಾಡಿ ತನ್ನ ನೋವನ್ನು ಕಿವಿಗೆ ಹೇಳುವುದಿಲ್ಲ. ಸ್ಕ್ಯಾನರಿನ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಬರೆದು ತೋರಿಸುತ್ತದೆ. ‘ಪಿ 0301’ ಎಂದು ಬಂದರೆ ಒಂದನೆಯ ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಹೊತ್ತುತ್ತಿಲ್ಲವೆಂದು ಅರ್ಥ. ಸಂಖ್ಯೆಯನ್ನು ಬಾಯಿಪಾಠ ಮಾಡಬಹುದು. ಕೆಳಗಿನ ನಾಲ್ಕು ಸಾಲನ್ನು ಓದಬೇಕಾಗುತ್ತದೆ. ನನ್ನ ಸ್ನೇಹಿತ ಆ ಪರದೆಯನ್ನು ಗ್ಯಾರೇಜಿಗೆ ಹೊಸದಾಗಿ ಸೇರಿದ ಹುಡುಗನ ಕೈಗೆ ಕೊಟ್ಟು ಓದಿಸುತ್ತಾನೆ. ಆ ಹುಡುಗ ಅರ್ಧ ಊಹಿಸಿ ಓದುತ್ತಾನೆ. ಹತ್ತು ವರ್ಷದ ಕಿವಿ ಹತ್ತು ದಿನದ ಊಹೆಗೆ ಅಧೀನವಾಗುವುದನ್ನು ನಾನು ಅಲ್ಲಿ ಬೆಂಚಿನ ಮೇಲೆ ಕೂತು ನೋಡಿದ್ದೇನೆ. ಅವನಿಗೆ ಅದು ತಿಳಿಯದೆ ಇಲ್ಲ. “ಭಾಷೆ ಬೇಡ” ಎಂದು ಅವನು ಈಗೀಗ ಹೆಚ್ಚು ಗಟ್ಟಿಯಾಗಿ ಹೇಳುತ್ತಿರುವುದಕ್ಕೆ ಇದೇ ಕಾರಣವೆಂದು ನನ್ನ ಅನುಮಾನ.

ಫೋನು ತರ್ಜುಮೆ ಮಾಡುತ್ತದಲ್ಲ ಎಂದು ಕೇಳುವವರಿದ್ದಾರೆ. ನಾವೂ ಮಾಡಿಸಿ ನೋಡಿದೆವು. ಕರೆಂಟು ಇರುವ ತಂತಿಯನ್ನು ಸೂಚಿಸುವ ‘ಲೈವ್’ ಎಂಬುದನ್ನು ಅದು ‘ನೇರಪ್ರಸಾರ’ ಎಂದಿತು. ಮನೆಗಳಲ್ಲಿ ನಗಲು ಒಳ್ಳೆಯ ವಿಷಯ. ಕಂಬದ ಮೇಲೆ ಅಲ್ಲ. ಅಲ್ಲದೆ ಘಟ್ಟದ ಅಂಚಿನ ನಮ್ಮ ಹಳ್ಳಿಗಳಲ್ಲಿ ಫೋನು ಮಾತಾಡಬೇಕಾದರೆ ಮೊದಲು ನಾವು ಗುಡ್ಡ ಹತ್ತಬೇಕು.

ತೀರ್ಥಹಳ್ಳಿಯವರ ವಾದ ಇನ್ನೊಂದು ಬಗೆಯದು. ಅಲ್ಲಿ ಡಿಪ್ಲೊಮಾ ಓದುವ ಒಬ್ಬಾತ, “ಕುಪ್ಪಳಿಯ ಕುವೆಂಪು ಅವರೇ ಇಂಗ್ಲಿಷ್ ಬಿಟ್ಟು ಕನ್ನಡ ಹಿಡಿದರು, ನಮಗೇಕೆ ಬೋಧನೆ?” ಎಂದು ನನ್ನ ಬಾಯಿ ಮುಚ್ಚಿಸಲು ನೋಡಿದ. ನಿಜ. ಕುವೆಂಪು ಮೊದಲು ಇಂಗ್ಲಿಷಿನಲ್ಲಿಯೇ ಕವಿತೆ ಬರೆದರು. 1922ರಲ್ಲಿ ಅವರ ಪುಟ್ಟ ಇಂಗ್ಲಿಷ್ ಸಂಕಲನವೊಂದು ಅಚ್ಚಾಯಿತು. ಮೈಸೂರಿನಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅದನ್ನು ನೋಡಿ, ನಿಮ್ಮ ಭಾಷೆಯಲ್ಲಿ ಬರೆಯಿರಿ ಎಂದು ಬುದ್ಧಿ ಹೇಳಿದ್ದು ನಮಗೆಲ್ಲ ಗೊತ್ತಿರುವ ಕತೆ. ಕನ್ನಡದಲ್ಲಿ ಬರೆಯಿರಿ ಎಂಬ ಆ ಬುದ್ಧಿಮಾತು ಬಂದದ್ದು ಯಾವ ಭಾಷೆಯಲ್ಲಿ ಎಂಬುದನ್ನು ಮಾತ್ರ ನಾವು ಯೋಚಿಸುವುದಿಲ್ಲ. ಕುವೆಂಪು ಓದಿ ಅರಗಿಸಿಕೊಂಡು ಬದಿಗಿಟ್ಟರು. ನಾವು ಓದದೆ ಬದಿಗಿಡುತ್ತೇವೆ. ಅದೇ ತಾಲ್ಲೂಕಿನ ಮೇಳಿಗೆಯ ಅನಂತಮೂರ್ತಿಯವರು ಇಂಗ್ಲಿಷ್ ಅಧ್ಯಾಪಕರಾಗಿ, 1966ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಡಾಕ್ಟರೇಟು ಪಡೆದು, ಬರೆದದ್ದು ಕನ್ನಡದಲ್ಲಿ. ಆದರೂ ಆ ಮಿತ್ರನ ಮಾತಿನಲ್ಲಿ ಒಂದು ನ್ಯಾಯವಿದೆ. ಅದಕ್ಕೆ ಮುಂದೆ ಬರುತ್ತೇನೆ.

ನನ್ನನ್ನು ಹೆಚ್ಚು ಬೆರಗುಗೊಳಿಸಿದ್ದು ತೀರ್ಥಹಳ್ಳಿಯ ನನ್ನ ನೆಂಟರ ಮಗಳು. ನರ್ಸಿಂಗ್ ಮುಗಿಸಿದ್ದಾಳೆ. ಶಾಲೆಯಲ್ಲಿ ಇಂಗ್ಲಿಷಿನಲ್ಲಿ ಕಷ್ಟಪಟ್ಟು ಪಾಸಾದವಳು ಈಗ ಜರ್ಮನ್ ಕಲಿಯುತ್ತಿದ್ದಾಳೆ. ಜರ್ಮನಿ ದೇಶ 2020ರ ಮಾರ್ಚಿನಿಂದ ಹೊರದೇಶದ ಕುಶಲಕರ್ಮಿಗಳನ್ನು ಬರಮಾಡಿಕೊಳ್ಳುವ ಹೊಸ ಕಾನೂನನ್ನು ಜಾರಿಗೆ ತಂದಿದೆ. ಅಲ್ಲಿ ನರ್ಸಾಗಿ ಪೂರ್ಣ ಮಾನ್ಯತೆ ಪಡೆಯಲು ಸಾಮಾನ್ಯವಾಗಿ ‘ಬಿ 2’ ಎಂಬ ಮಟ್ಟದವರೆಗೆ ಭಾಷೆ ಬರಬೇಕು. ಎ 1ರಿಂದ ಸಿ 2ರವರೆಗಿನ ಆರು ಮೆಟ್ಟಿಲುಗಳಲ್ಲಿ ಅದು ನಾಲ್ಕನೆಯದು. ಬೆಳಗಿನ ಜಾವ ಎದ್ದು, ಕೊಟ್ಟಿಗೆ ಕೆಲಸಕ್ಕೆ ಮೊದಲು ಎರಡು ಗಂಟೆ ಓದುತ್ತಾಳೆ. ಇಂಗ್ಲಿಷಿಗೆ ಹೆದರಿದವಳು ಇದಕ್ಕೆ ಹೇಗೆ ಧೈರ್ಯ ಮಾಡಿದೆ ಎಂದು ಕೇಳಿದೆ. “ಇಂಗ್ಲಿಷಿನ ಕ್ಲಾಸಿನಲ್ಲಿ ಕಾನ್ವೆಂಟಿನವರು ಮೊದಲೇ ಅಟ್ಟ ಹತ್ತಿ ಕೂತಿರುತ್ತಿದ್ದರು. ಜರ್ಮನ್ನಿನಲ್ಲಿ ಎಲ್ಲರೂ ನೆಲದ ಮೇಲೆಯೇ ಕೂತವರು” ಎಂದಳು. ಇಷ್ಟು ವರ್ಷ ಇಂಗ್ಲಿಷಿನ ಸಮಸ್ಯೆಯ ಬಗ್ಗೆ ನಾನು ಕೇಳಿದ ಭಾಷಣಗಳಲ್ಲೆಲ್ಲ ಇಷ್ಟು ನಿಚ್ಚಳವಾದ ಮಾತು ಬಂದಿರಲಿಲ್ಲ.

ಜಪಾನಿನ ವಿಷಯವೂ ಹೀಗೆಯೇ. 2021ರ ಜನವರಿಯಲ್ಲಿ ಭಾರತಕ್ಕೂ ಜಪಾನಿಗೂ ಕುಶಲಕರ್ಮಿಗಳ ವಿಷಯದಲ್ಲಿ ಒಪ್ಪಂದವಾಯಿತು. ಅದರಂತೆ ಹೋಗುವವರು ಜಪಾನೀ ಭಾಷೆಯ ಪ್ರಾಥಮಿಕ ಪರೀಕ್ಷೆಯೊಂದನ್ನು ದಾಟಬೇಕು. ಜಪಾನಿ ಎಂದೊಡನೆ ಹೆದರಬೇಕಾಗಿಲ್ಲ. ನಾನು ಪುಸ್ತಕ ಓದುತ್ತೇನೆ ಎಂಬುದನ್ನು ಅವರು ‘ವಾತಾಶಿ ವ ಹೊನ್ ಓ ಯೊಮಿಮಾಸು’ ಎನ್ನುತ್ತಾರೆ: ನಾನು, ಪುಸ್ತಕವನ್ನು, ಓದುತ್ತೇನೆ. ನಮ್ಮ ವಾಕ್ಯದ ಕ್ರಮವೇ; ಕ್ರಿಯಾಪದ ಕೊನೆಯಲ್ಲಿ, ವಿಭಕ್ತಿ ನಾಮಪದದ ಬೆನ್ನಿಗೆ. ಇಂಗ್ಲಿಷಿನಲ್ಲಿ ವಾಕ್ಯವನ್ನು ತಲೆಕೆಳಗು ಮಾಡಿಕೊಳ್ಳುವ ಕಷ್ಟ ಇಲ್ಲಿಲ್ಲ. ಲಿಪಿಯ ಕಷ್ಟ ಬೇಕಾದಷ್ಟಿದೆ, ಅದನ್ನು ಮುಚ್ಚಿಡುವುದಿಲ್ಲ.

ಪರಭಾಷೆ ನಮ್ಮ ಸೀಮೆಗೆ ಹೊಸತೆಂದು ತಿಳಿಯುವುದೂ ತಪ್ಪು. 1623ರಲ್ಲಿ ಪಿಯೆತ್ರೊ ದೆಲ್ಲಾ ವಾಲೆ ಎಂಬ ಇಟಲಿಯ ಯಾತ್ರಿಕ, ಪೋರ್ಚುಗೀಸರ ರಾಯಭಾರಿಯ ಜೊತೆಯಲ್ಲಿ ಘಟ್ಟ ಹತ್ತಿ ಇಕ್ಕೇರಿಗೆ, ವೆಂಕಟಪ್ಪನಾಯಕನ ಆಸ್ಥಾನಕ್ಕೆ ಬಂದ. ದಾರಿಯಲ್ಲಿ ಒಂದು ದೇವಸ್ಥಾನದ ಜಗಲಿಯಲ್ಲಿ ನಾಲ್ವರು ಹುಡುಗರು ನೆಲದ ಮೇಲೆ ಮರಳು ಹರಡಿ, ಬೆರಳಿನಿಂದ ಲೆಕ್ಕ ಬರೆಯುತ್ತ, ಒಬ್ಬ ಹೇಳಿದ್ದನ್ನು ಉಳಿದವರು ರಾಗವಾಗಿ ಹೇಳುತ್ತ ಕಲಿಯುತ್ತಿದ್ದುದನ್ನು ಕಂಡು ಬರೆದಿಟ್ಟಿದ್ದಾನೆ. ಅಲ್ಲಿ ಉಪಾಧ್ಯಾಯ ಇರಲಿಲ್ಲ. ಮರೆತರೆ ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಿದ್ದರು. ಪೋರ್ಚುಗೀಸರು ಹೋದರು, ಅವರ ಮಾತುಗಳು ನಮ್ಮ ಕಸುಬುಗಳಲ್ಲಿ ಉಳಿದವು. ಚಾವಿ, ಇಸ್ತ್ರಿ, ಪೀಪಾಯಿ, ಲಿಲಾವು ಇವೆಲ್ಲ ಅವರಿಂದ ಬಂದವು. ಅಷ್ಟೇಕೆ, ಮೇಸ್ತ್ರಿ ಎಂಬ ಮಾತೇ ಅವರದು. ಕಸುಬಿಗೆ ಪರಭಾಷೆ ಬೇಡ ಎನ್ನುವ ಯಾವ ಮೇಸ್ತ್ರಿಯೂ ತನ್ನ ಹೆಸರನ್ನೇ ಮೊದಲು ಹಿಂದಿರುಗಿಸಬೇಕಾಗುತ್ತದೆ!

ಇದರ ಇನ್ನೊಂದು ಮಗ್ಗುಲು ನಮ್ಮ ತಲೆಯ ಮೇಲೆಯೇ ಇದೆ. ಮಲೆನಾಡಿನ ಮನೆಗಳಿಗೆ ಹೊದಿಸಿದ ಮಂಗಳೂರು ಹೆಂಚು ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ತೆರೆದ ಕಾರ್ಖಾನೆಯಿಂದ ಶುರುವಾದದ್ದು. ಅಚ್ಚಿನ ಕೆಲಸ, ನೇಯ್ಗೆ, ಹೆಂಚು ಇವನ್ನೆಲ್ಲ ಕಲಿಸಲು ಬಂದ ಜರ್ಮನರು ಮೊದಲು ನಮ್ಮ ಭಾಷೆಯನ್ನು ಕಲಿತರು. ಅದೇ ಮಿಷನ್ನಿನಿಂದ 1853ರಲ್ಲಿ ಬಂದ ಕಿಟೆಲ್, ಕಲಿತದ್ದು ಸಾಲದೆಂದು, 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನೇ ನಮ್ಮ ಕೈಗಿಟ್ಟ. ನಮ್ಮ ನೆಂಟರ ಮಗಳು ಈಗ ಆ ದೇಶದ ರೋಗಿಗಳ ನೋವನ್ನು ಅವರ ಮಾತಿನಲ್ಲಿಯೇ ಕೇಳಲು ಕಲಿಯುತ್ತಿದ್ದಾಳೆ. ಇದರಲ್ಲಿ ದೈನ್ಯವೇನೂ ನನಗೆ ಕಾಣುವುದಿಲ್ಲ.

ತೀರ್ಥಹಳ್ಳಿಯ ಮಿತ್ರನ ನ್ಯಾಯಕ್ಕೆ ಬರುತ್ತೇನೆ. ಅವನ ಮಾತಿನ ತಿರುಳು ಇದು: ಇಂಗ್ಲಿಷು ಕಲಿ ಎಂದು ನಮಗೆ ಹೇಳುವವರು, ಕನ್ನಡದಲ್ಲಿ ಕೇಳಿ ಎಂದು ಆ ಕಾರ್ಖಾನೆಯವರಿಗೆ ಏಕೆ ಹೇಳುವುದಿಲ್ಲ? ಬೆಂಗಳೂರಿನಲ್ಲಿ ತಂತಿ ಜೋಡಿಸುವ ಕೆಲಸಕ್ಕೆ ಸಾಗರದ ಹುಡುಗನನ್ನು ಪರೀಕ್ಷಿಸುವಾಗ, ಅರ್ತಿಂಗ್ ಏಕೆ ಎಂಬ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಿದರೆ ಏನು ನಷ್ಟ? ಪರೀಕ್ಷಿಸಬೇಕಾದದ್ದು ಅವನ ಕಸುಬನ್ನೋ ಅವನ ಉಚ್ಚಾರಣೆಯನ್ನೋ? ಇದಕ್ಕೆ ನನ್ನಲ್ಲಿ ಉತ್ತರವಿಲ್ಲ. ಅವನು ಹೇಳುವುದು ಸರಿ. ಕುವೆಂಪು 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದಾಗ ಕನ್ನಡದಲ್ಲಿಯೇ ವಿಜ್ಞಾನವನ್ನು ಕಲಿಸಬಹುದೆಂದು ಹೋರಾಡಿದರು. 2021ರಲ್ಲಿ ಎಂಜಿನಿಯರಿಂಗನ್ನೂ ಕನ್ನಡದಲ್ಲಿ ಓದಲು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು ಒಪ್ಪಿಗೆ ಕೊಟ್ಟಿತು. ಓದು ಕನ್ನಡದಲ್ಲಿ, ಕೆಲಸ ಕೊಡುವ ಕೋಣೆ ಮಾತ್ರ ಇಂಗ್ಲಿಷಿನಲ್ಲಿ ಎಂದಾದರ ಆ ಓದನ್ನು ಯಾರು ಓದುತ್ತಾರೆ? ಕನ್ನಡದಲ್ಲಿ ಉತ್ತರಿಸುವ ಹಕ್ಕಿಗಾಗಿ ಕೇಳಬೇಕು, ಗಟ್ಟಿಯಾಗಿಯೇ ಕೇಳಬೇಕು. ಆದರೆ ಆ ಹಕ್ಕು ಕೈಗೆ ಬರುವವರೆಗೆ ನನ್ನ ಭಾವ ರಾತ್ರಿ ಬಸ್ಸಿನಲ್ಲಿ ಹಿಂದಿರುಗುತ್ತಲೇ ಇರಬೇಕೆ? ನನಗೆ ಎರಡೂ ಬೇಕೆನ್ನಿಸುತ್ತದೆ. ಎರಡೂ ಬೇಕೆನ್ನುವವರನ್ನು ಚರ್ಚಾಸ್ಪರ್ಧೆಯಲ್ಲಿ ನಿಲ್ಲಿಸುವುದಿಲ್ಲ. ಪರವೋ ವಿರುದ್ಧವೋ ಎಂದು ಚೀಟಿ ಎತ್ತಿಸುತ್ತಾರೆ.

ನಮ್ಮ ಕೈಯಲ್ಲಾಗುವ ಒಂದು ಕೆಲಸವಿದೆ. ನಮ್ಮಲ್ಲಿ ಇಂಗ್ಲಿಷ್ ಐಚ್ಛಿಕ ವಿಷಯವಾಗಿ ಓದುವವರಿದ್ದಾರೆ. ಅವರಿಗೆ ಪಾಠ ಹೇಳುವ ಅಧ್ಯಾಪಕರಿದ್ದಾರೆ. ವಾರಕ್ಕೆ ಒಂದು ಸಂಜೆ ಐ.ಟಿ.ಐ.ಯ ಕಾರ್ಯಶಾಲೆಗೆ ಹೋಗಿ, ಬೆಂಚಿನ ಪಕ್ಕದಲ್ಲಿ ನಿಂತು, ಯಂತ್ರದ ಮೇಲಿನ ತಗಡಿನಲ್ಲಿ ಬರೆದದ್ದನ್ನು, ಡಬ್ಬದೊಳಗಿನ ಕರಪತ್ರವನ್ನು ಅವರೊಡನೆ ಓದಬಹುದು. ಅವರು ಅರ್ಥ ಹೇಳಲಿ, ನಾವು ವಾಕ್ಯ ಕಟ್ಟಲಿಕ್ಕೆ ನೆರವಾಗೋಣ. ಕಲಿಸಲು ಹೋಗುತ್ತೇವೆಂಬ ಮುಖ ಹೊತ್ತು ಹೋದರೆ ಕೆಲಸ ಕೆಟ್ಟಂತೆ. ಐದು ಭಾನುವಾರ ಹಾಗೆ ಕೆಡಿಸಿದ ಅನುಭವ ನನಗಿದೆ. ನಗಬಾರದು ಎಂಬುದೊಂದೇ ನಿಯಮ. ಶರಾವತಿಯ ವಿದ್ಯುದಾಗಾರದಲ್ಲಿ ಹತ್ತು ಯಂತ್ರಗಳು ಸೇರಿ 1035 ಮೆಗಾವ್ಯಾಟ್ ವಿದ್ಯುತ್ತನ್ನು ಉತ್ಪಾದಿಸಬಲ್ಲವು; ಅದಕ್ಕಾಗಿ ಸಾಗರ, ಹೊಸನಗರ ತಾಲ್ಲೂಕುಗಳ ಎಷ್ಟೋ ಊರುಗಳು ಲಿಂಗನಮಕ್ಕಿಯ ನೀರಿನಡಿ ಹೋದವು. ಆ ಊರುಗಳಿಂದ ಎದ್ದುಬಂದವರ ಮೊಮ್ಮಕ್ಕಳು ಇಂದು ಎಲೆಕ್ಟ್ರಿಷಿಯನ್ ಕಸುಬು ಕಲಿಯುತ್ತಿದ್ದಾರೆ. ಅಂಥ ಯಂತ್ರಗಳ ಬುಡದಲ್ಲಿ ಬರೆದದ್ದನ್ನು ಓದಲು ಅವರು ಬೇರೊಬ್ಬರ ಮುಖ ನೋಡಬೇಕಾಗಿ ಬರುವುದು ನನಗೆ ಸಹಿಸುವುದಿಲ್ಲ.

ಈ ವಿಚಾರವನ್ನು ಒಬ್ಬ ಅಧ್ಯಾಪಕರಲ್ಲಿ ಹೇಳಿದೆ. “ಅವರು ಬಂದಾರೆಯೆ?” ಎಂದು ಕೇಳಿದರು. ನಾವು ಹೋಗಬೇಕೆಂದು ನಾನು ಹೇಳಿದ್ದು ಅವರ ಕಿವಿಗೆ ಬಿದ್ದಂತೆ ಕಾಣಲಿಲ್ಲ. ಮುಂದಿನ ವರ್ಷ ಮತ್ತೆ ಹೇಳುತ್ತೇನೆ.

ಭಾವನಿಗೆ ಮತ್ತೊಂದು ಸಂದರ್ಶನದ ಕರೆ ಬಂದಿದೆ. ಅರ್ತಿಂಗ್ ಏಕೆಂಬುದನ್ನು ಈಗ ಇಂಗ್ಲಿಷಿನಲ್ಲಿ ನಾಲ್ಕು ವಾಕ್ಯಗಳಲ್ಲಿ ಹೇಳುತ್ತಾನೆ. ಕೊನೆಯ ವಾಕ್ಯದಲ್ಲಿ ಕ್ರಿಯಾಪದ ಆಗಾಗ ಕೈಕೊಡುತ್ತದೆ. ಅದಕ್ಕೆ ಮೊದಲು, “ಕನ್ನಡದಲ್ಲಿ ಉತ್ತರಿಸಬಹುದೇ?” ಎಂಬುದನ್ನು ಇಂಗ್ಲಿಷಿನಲ್ಲಿ ಕೇಳಲು ಕಲಿಸಬೇಕೆಂದು ಅವನೇ ಹಟ ಹಿಡಿದು ಕಲಿತ. ಅದನ್ನು ಕನ್ನಡ ಅಕ್ಷರಗಳಲ್ಲಿ ಬರೆದು, ಅತ್ತೆಯ ಮನೆಯ ಸ್ವಿಚ್ ಬೋರ್ಡಿನ ಪಕ್ಕಕ್ಕೆ ಅಂಟಿಸಿದ್ದಾನೆ. ದೀಪ ಹಾಕಿದಾಗೊಮ್ಮೆ ಆರಿಸಿದಾಗೊಮ್ಮೆ ಅತ್ತೆಯೂ ಅದನ್ನು ಓದುತ್ತಾಳೆ. ಅವಳ ಉಚ್ಚಾರಣೆ ಅವನದಕ್ಕಿಂತ ಚೆನ್ನಾಗಿದೆ.